ಹದಿನಾರು ಗಜದ ಹಗ್ಗ

ನನ್ನ ಮೊಮ್ಮಗಳು ಸಿಂಚನಾಗೆ ಮೈದಾನದ ಕೆಲಸ ಸಿಕ್ಕಿದೆ. ಆಡುವ ಕೆಲಸವಲ್ಲ, ಮೈದಾನ ನೋಡಿಕೊಳ್ಳುವ ಕೆಲಸ. ಆದೇಶದ ಕಾಗದ ಬಂದ ದಿನ ಓಣಿಯ ಎಲ್ಲ ಮನೆಗೂ ಪೇಡಾ ಹಂಚಿಕೊಂಡು ಬಂದೆ. ಎರಡು ಮನೆಗಳಿಗೆ ಎರಡೆರಡು ಸಲ ಹೋಗಿದ್ದೆನಂತೆ. ಅವರೂ ಏನೂ ಹೇಳದೆ ಎರಡು ಸಲ ತಿಂದರು. ಅವಳ ತಾತ, ಅಂದರೆ ನಮ್ಮವರು ಬಸವರಾಜಪ್ಪ, ಮೈದಾನ ನೋಡಿಕೊಂಡವರು, ಅವರು ತೀರಿಕೊಂಡ ಮೇಲೆ ನಾನು, ಈಗ ಅವಳು. ಬೇರೆಯವರ ಮನೆಯಲ್ಲಿ ಹೊಲವೋ ಅಂಗಡಿಯೋ ಮೂರು ತಲೆ ನಡೆದು ಬರುವ ಹಾಗೆ ನಮ್ಮ ಮನೆಯಲ್ಲಿ ಮೈದಾನ ನಡೆದು ಬಂತು. ಇದನ್ನು ಬರೆಯುವಾಗಲೂ ನನಗೆ ನಗು ತಡೆಯಲಾಗುತ್ತಿಲ್ಲ.

ಅವಳ ಜೊತೆ ಇನ್ನೂ ಮೂವರು ಹುಡುಗಿಯರು ಸೇರಿದ್ದಾರೆ. ಕಳೆದ ವಾರ ನಾಲ್ವರೂ ಮನೆಗೆ ಬಂದು, ಒಂದು ಬೋಗುಣಿ ಮಂಡಕ್ಕಿ ಖಾಲಿ ಮಾಡಿ, "ಅಜ್ಜಿ, ಕೆಲ್ಸ ಹೆಂಗಿರ್ತೈತೆ, ಖರೇ ಹೇಳ್ರಿ" ಎಂದು ಕೇಳಿದರು. ನಾನು ಬಾಯಿ ತೆರೆದರೆ ಮಾತು ಊರೆಲ್ಲ ಸುತ್ತುತ್ತದೆ. ಅದಕ್ಕೇ ಬರೆದು ಕೊಡುತ್ತೇನೆ ಎಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ತಪ್ಪಿದ ಕಡೆ ಸಿಂಚನಾ ತಿದ್ದಿದ್ದಾಳೆ. ಮಾತು ನನ್ನದೇ.

ನಾನು ಇಪ್ಪತ್ತೆರಡು ವರ್ಷ ದುಡಿದದ್ದು ದಾವಣಗೆರೆಯ ಒಂದು ಹಾಕಿ ಕ್ಲಬ್ಬಿನಲ್ಲಿ. ಮಣ್ಣಿನ ಮೈದಾನ, ಹೆಂಗಸರ ತಂಡ. ಸೇರುವಾಗ ಮೈದಾನದವಳು, ಬಿಡುವಾಗಲೂ ಮೈದಾನದವಳು, ಹಾಗಾಗಿ ಬಡ್ತಿಯ ಮಾತು ಇಲ್ಲಿ ಬರುವುದಿಲ್ಲ. ಬರುವುದು ಕೆಂಪು ಮಣ್ಣು, ನೀರು, ರೋಲರ್ ಮತ್ತು ಬಿಳಿ ಗೆರೆ.

ಮಣ್ಣಿನ ಮೈದಾನಕ್ಕೆ ನೀರು ಹಾಕಿದ ಮೇಲೆ ರೋಲರ್ ಯಾವಾಗ ಎಳೆಯಬೇಕು ಎಂಬುದೇ ದೊಡ್ಡ ವಿದ್ಯೆ. ಬೇಗ ಎಳೆದರೆ ಮಣ್ಣು ರೋಲರಿಗೆ ಹತ್ತಿಕೊಂಡು ಚಪಾತಿ ಹಿಟ್ಟಿನ ಹಾಗೆ ಎದ್ದು ಬರುತ್ತದೆ. ತಡ ಮಾಡಿದರೆ ನೆಲ ಕಲ್ಲಾಗಿರುತ್ತದೆ, ರೋಲರ್ ಸುಮ್ಮನೆ ಮೇಲೆ ಉರುಳಿ ಹೋಗುತ್ತದೆ. ಹಿಮ್ಮಡಿ ಊರಿ ನೋಡಬೇಕು. ಗುರುತು ಮೂಡಬೇಕು, ಆದರೆ ಮಣ್ಣು ಕಾಲಿಗೆ ಬರಬಾರದು. ಆಗ ಎಳೆಯಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ನಿಮ್ಮದು ನೀಲಿ ಹಾಸಿನ ಮೈದಾನ, ಗುಂಡಿ ಒತ್ತಿದರೆ ನೀರು ಚಿಮ್ಮುತ್ತದೆ, ಗೆರೆ ಹಾಸಿನಲ್ಲೇ ಬಂದಿರುತ್ತದೆ. ಇರಲಿ. ಆಡುವವರ ಕಾಲು ಮಾತ್ರ ಅವೇ ಕಾಲು.

ಮೊದಲ ವರ್ಷವೇ ನಾನು ಮಾಡಿದ ಅನಾಹುತ ಹೇಳುತ್ತೇನೆ. ನಮ್ಮವರು ಗೆರೆಗೆ ಚಾಕ್ ಪುಡಿ ಹಾಕುತ್ತಿದ್ದರು. ನನಗೆ ಗೆರೆ ಇನ್ನೂ ಬೆಳ್ಳಗೆ ಎದ್ದು ಕಾಣಬೇಕು ಅನಿಸಿತು. ಗೋಡೆಗೆ ಬಳಿಯುವ ಸುಣ್ಣ ತಂದು ಎಳೆದೆ. ನೋಡಿದವರೆಲ್ಲ "ಆಹಾ ಹಾಲಮ್ಮ, ಹಬ್ಬದ ಮನೆ ಆಗೈತೆ" ಎಂದರು. ಅವತ್ತೇ ಹದಿನೇಳು ವರ್ಷದ ಹುಡುಗಿಯೊಬ್ಬಳು ಬಾಲಿನ ಹಿಂದೆ ಜಾರಿ ಆ ಗೆರೆಯ ಮೇಲೆ ಬಿದ್ದಳು. ಬೆವರಿಗೆ ಸುಣ್ಣ ಸೇರಿ ಮೊಣಕಾಲು, ಮೊಣಕೈ ಸುಟ್ಟು ಕೆಂಪಾಯಿತು. ಸೆಕ್ರೆಟರಿ ಶಿವಕುಮಾರಪ್ಪನವರು ಓಡಿ ಬಂದರು. ಅವರು ಬಟ್ಟೆ ಅಂಗಡಿಯ ಸಾಹುಕಾರರು, ಬಿಳಿ ಪಂಚೆ, ಗಟ್ಟಿ ಗಂಟಲು.

"ಯಾರು ಹಾಕಿದ್ದು ಈ ಸುಣ್ಣ?"

ಆ ಹುಡುಗಿ ನೀರಿನ ಕೊಡಕ್ಕೆ ಮೊಣಕೈ ಒಡ್ಡಿಕೊಂಡು, "ಬಿದ್ದಿದ್ದು ನಾನ್ರಿ ಸರ್. ತೊಳ್ಕೊಂಡ್ರೆ ಹೋಗ್ತೈತೆ, ನೀವು ಹೋಗ್ರಿ" ಎಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಹಾಲಕ್ಕ, ಗೋಡೆ ಸುಣ್ಣ ಗೋಡೆಗೇ ಇರ್ಲಿ. ಇನ್ನೊಂದ್ಸಲ ನನ್ನ ಬಳೀಬ್ಯಾಡ" ಎಂದು ಹಲ್ಲು ಕಚ್ಚಿ ನಕ್ಕಳು.

ಅವಳೇ ರೇಣುಕಾ. ಹರಿಹರದವಳು. ದಿನಾ ಬೆಳಿಗ್ಗೆ ಗಾಡಿ ಹತ್ತಿ ಬಂದು ಆಡುತ್ತಿದ್ದಳು. ಮದುವೆಯಾಯಿತು, ಮಗಳು ಹುಟ್ಟಿದಳು, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಎಡ ಮೊಣಕಾಲು ಒಂದು ಸಲ ತಿರುಚಿಕೊಂಡಿತು. ಅವಳು ಬರುವುದು ಮಾತ್ರ ನಿಲ್ಲಲಿಲ್ಲ. ಮೈದಾನದ ನಟ್ಟ ನಡುವೆ ನಿಂತು ಹಿಂದಿನವರಿಂದ ಬಾಲು ತೆಗೆದುಕೊಂಡು ಮುಂದಿನವರಿಗೆ ಕೊಡುವ ಜಾಗ ಅವಳದು. ಗೋಲು ಹೊಡೆದವರ ಹೆಸರು ಪೇಪರಿನಲ್ಲಿ ಬರುತ್ತದೆ. ಬಾಲು ಕೊಟ್ಟವರದು ಬರುವುದಿಲ್ಲ. ಅವಳಿಗೆ ಅದರ ಬೇಸರ ಇದ್ದದ್ದನ್ನು ನಾನು ಕಂಡಿಲ್ಲ.

ನಾನು ಸೇರಿ ಹತ್ತೊಂಬತ್ತನೇ ವರ್ಷ ತಂಡ ಒಂದೇ ಬೇಸಿಗೆಯಲ್ಲಿ ಖಾಲಿಯಾಯಿತು. ನಾಲ್ವರಿಗೆ ಬೇರೆ ಊರಲ್ಲಿ ನೌಕರಿ, ಇಬ್ಬರಿಗೆ ಮದುವೆ, ಮೂವರು ಇನ್ನೊಂದು ಜಿಲ್ಲೆಯ ಹಾಸ್ಟೆಲಿಗೆ ಹೋದರು. ಒಂಬತ್ತು ಜನ ಹೋದ ಮೇಲೆ ಉಳಿದವರನ್ನು ತಂಡ ಎನ್ನುವ ಹಾಗಿರಲಿಲ್ಲ. ರೇಣುಕಾಗೆ ಆಗ ಮೂವತ್ತಾರು. ಸೆಕ್ರೆಟರಿ ಹೊಸ ಕೋಚ್ ಒಬ್ಬನನ್ನು ತಂದರು. ನವೀನ್ ಎಂದು, ಇಪ್ಪತ್ತೆಂಟರ ಹುಡುಗ. ಬೆಳಿಗ್ಗೆ ಐದೂವರೆಗೆ ನನಗಿಂತ ಮೊದಲು ಬಂದು ನಿಂತಿರುತ್ತಿದ್ದ. ಒಳ್ಳೆಯವನು, ಆದರೆ ಅವನ ಕಣ್ಣು ಯಾವಾಗಲೂ ಮೊಬೈಲಿನಲ್ಲಿ. ಆಟವನ್ನೆಲ್ಲ ಅದರಲ್ಲಿ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದ. ಸುತ್ತಲ ಹಳ್ಳಿ ತಿರುಗಿ ಹೊಸ ಹುಡುಗಿಯರನ್ನು ಕರೆತಂದ. ಕುಕ್ಕುವಾಡದಿಂದ ಐಶ್ವರ್ಯ ಎಂಬವಳು ಬಂದಳು. ಎಲ್ಲರೂ ಐಶು ಎನ್ನುತ್ತಿದ್ದೆವು. ಭತ್ತದ ಗದ್ದೆಯ ಬದುವಿನ ಮೇಲೆ ಓಡಿ ಬೆಳೆದ ಹುಡುಗಿ, ಗೆರೆ ಎಳೆದ ಹಾಗೆ ನೇರ ಓಡುತ್ತಿದ್ದಳು.

ಈ ಹುಡುಗಿಯರಿಗೆ ಒಂದು ತೊಂದರೆ ಇತ್ತು. ಕೂಗುತ್ತಿರಲಿಲ್ಲ. ಹಾಕಿಯಲ್ಲಿ ಬಾಲು ಬೇಕಾದರೆ ಕೂಗಬೇಕು. ಇವರು ನಾಚಿಕೊಂಡು ಸುಮ್ಮನೆ ಓಡುತ್ತಿದ್ದರು. ಬೈದು ಬೈದು ಕೂಗಿಸಿದರೆ ಎಲ್ಲರೂ "ಅಕ್ಕಾ!" ಎಂದರು. ಒಬ್ಬಳು ಅಕ್ಕಾ ಎಂದರೆ ಐದು ಜನ ತಿರುಗಿ ನೋಡುವರು, ಎದುರು ತಂಡದವಳೂ ಒಬ್ಬಳು ನೋಡುವಳು. ಬಾಲು ಎಲ್ಲಿಗೋ ಹೋಗುವುದು. ನವೀನ್ ತಲೆ ಹಿಡಿದು ಕೂತ.

ರೇಣುಕಾ ಎಲ್ಲರನ್ನೂ ನೀರಿನ ತೊಟ್ಟಿಯ ಬಳಿ ಕೂರಿಸಿದಳು. "ಇಲ್ಲಿ ಅಕ್ಕ ಇಲ್ಲ, ತಂಗಿ ಇಲ್ಲ. ಹೆಸರು ಹಿಡಿದು ಕೂಗ್ರಿ. ನಂಗೂ ರೇಣು ಅನ್ರಿ."

ಐಶು ನೆಲ ನೋಡುತ್ತ, "ನೀವು ನಮ್ಮವ್ವಗಿಂತ ಒಂದು ವರ್ಷ ದೊಡ್ಡೋರು" ಎಂದಳು.

"ನಿಮ್ಮವ್ವಂಗೆ ಬಾಲ್ ಹಾಕಾಕೆ ಬರ್ತೈತೇನು?"

"ಇಲ್ಲ."

"ನಂಗೆ ಬರ್ತೈತೆ. ಅನ್ನು, ರೇಣು ಅನ್ನು."

ಐಶು ಬಾಯಿ ತೆರೆದಳು, ಮುಚ್ಚಿದಳು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ "ರೇಣು" ಎಂದು ಪಿಸುಗುಟ್ಟಿ, ಅದರ ಹಿಂದೆಯೇ ತಪ್ಪಾಯಿತು ಎಂಬಂತೆ ಕೆನ್ನೆ ಮುಟ್ಟಿಕೊಂಡಳು. ನಾನು ರೋಲರಿನ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಮೊದಲ ದೊಡ್ಡ ಪಂದ್ಯದಲ್ಲಿ ಏಳು ಗೋಲು ತಿಂದೆವು, ಒಂದೂ ಹೊಡೆಯಲಿಲ್ಲ. ಮಾರನೇ ದಿನ ಯಾರೂ ಬರಲಿಕ್ಕಿಲ್ಲ ಎಂದುಕೊಂಡೆ. ರೇಣುಕಾ ಹಿಂದಿನ ಸಂಜೆಯೇ ಒಬ್ಬೊಬ್ಬರಿಗೂ ಫೋನ್ ಮಾಡಿ, ಬರದಿದ್ದರೆ ಮನೆಗೇ ಬಂದು ಎಳೆದುಕೊಂಡು ಹೋಗುತ್ತೇನೆ ಎಂದಿದ್ದಳಂತೆ. ಎಲ್ಲರೂ ಬಂದರು. ಅವಳು ಪಂದ್ಯದ ಮಾತೇ ಎತ್ತಲಿಲ್ಲ. "ನಮ್ಮ ಕ್ಲಬ್ಬಿನಾಗೆ ಸೋತೋರು ರೋಲರ್ ಎಳೀಬೇಕು" ಎಂದು ಹೇಳಿ, ನೋವಿನ ಮೊಣಕಾಲಿಟ್ಟುಕೊಂಡು ತಾನೇ ಎಲ್ಲರ ಮುಂದೆ ಸರಪಳಿ ಹೆಗಲಿಗೆ ಹಾಕಿಕೊಂಡಳು. ಅಂಥ ಪದ್ಧತಿ ನಮ್ಮ ಕ್ಲಬ್ಬಿನಲ್ಲಿ ಇರಲೇ ಇಲ್ಲ! ಅವಳು ಅವತ್ತು ಬೆಳಿಗ್ಗೆ ಹುಟ್ಟಿಸಿದ್ದು. ಅರ್ಧ ಮೈದಾನ ಎಳೆಯುವ ಹೊತ್ತಿಗೆ ಹುಡುಗಿಯರು ಬೈಗುಳ ಶುರು ಮಾಡಿದರು, ಪೂರ್ತಿ ಎಳೆಯುವ ಹೊತ್ತಿಗೆ ನಗುತ್ತಿದ್ದರು. ತಂಡ ಕಟ್ಟುವುದು ಎಂದರೆ ನಾನು ಕಣ್ಣಾರೆ ಕಂಡದ್ದು ಇದು.

ಈಗ ಹಗ್ಗದ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಬರೆದರೆ ನಾನು ಬರೆದದ್ದೆಲ್ಲ ದಂಡ.

ಗೋಲಿನ ಮುಂದೆ ಬಾಗಿದ ಒಂದು ಗೆರೆ ಇರುತ್ತದೆ, ಅದಕ್ಕೆ ಡಿ ಎನ್ನುತ್ತಾರೆ. ಅದರೊಳಗೆ ಬಂದು ಹೊಡೆದರೆ ಮಾತ್ರ ಗೋಲು, ಹೊರಗಿನಿಂದ ಹೊಡೆದದ್ದು ಲೆಕ್ಕಕ್ಕಿಲ್ಲ. ಗೋಲಿನ ಗೂಟದಿಂದ ಆ ಗೆರೆಗೆ ಹದಿನಾರು ಗಜ. ಒಂದು ಹಗ್ಗದ ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಹದಿನಾರು ಗಜಕ್ಕೆ ಗಂಟು ಹಾಕಿ, ಆ ಗಂಟನ್ನು ಹಿಡಿದು ಬಿಗಿಯಾಗಿ ಸುತ್ತಿ ಬಂದರೆ ಗೆರೆ ಬೀಳುತ್ತದೆ. ನಮ್ಮವರ ಕಾಲದ ಪ್ಲಾಸ್ಟಿಕ್ ಹಗ್ಗವನ್ನು ಆ ವರ್ಷ ಯಾರೋ ಶಾಮಿಯಾನ ಕಟ್ಟಲು ಕತ್ತರಿಸಿಬಿಟ್ಟರು. ಸೆಕ್ರೆಟರಿಗೆ ಹೇಳಿದೆ. ಅವರು ಅಂಗಡಿಯಲ್ಲಿ ಬಟ್ಟೆಯ ಗಂಟು ಕಟ್ಟಿ ಬಂದ ಹತ್ತಿ ಹಗ್ಗ ಕಳಿಸಿದರು. "ದಾವಣಗೆರಿಯಾಗಿದ್ದು ಪ್ಲಾಸ್ಟಿಕ್ ಯಾಕ ಬೇಕು ಹಾಲಮ್ಮ, ಹತ್ತಿ ಹಗ್ಗ ನೋಡು, ಬೆಣ್ಣಿ ಇದ್ದಂಗೈತೆ" ಎಂದರು. ನಾನು ಟೇಪು ಹಿಡಿದು ಅಳೆದು ಗಂಟು ಹಾಕಿದೆ. ಅಳತೆ ಸರಿಯಾಗಿಯೇ ಇತ್ತು.

ಆದರೆ ನಮ್ಮ ಮೈದಾನಕ್ಕೆ ಗಾಳಿ ಜಾಸ್ತಿ. ಹಗುರ ಹಗ್ಗ ಹಾರಾಡಿ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ನಾನೊಂದು ಉಪಾಯ ಹುಡುಕಿದೆ. ಬಕೀಟಿನ ನೀರಿನಲ್ಲಿ ಅದ್ದಿ ತೆಗೆದರೆ ಹಗ್ಗ ಭಾರವಾಗಿ ನೆಲ ಕಚ್ಚಿಕೊಳ್ಳುತ್ತದೆ! ಎಷ್ಟು ಜಾಣೆ ನಾನು ಎಂದುಕೊಂಡೆ. ಮೂರು ತಿಂಗಳು ಹಾಗೆಯೇ ಅದ್ದಿ ಅದ್ದಿ ಗೆರೆ ಎಳೆದೆ.

ಅದೇ ಮೂರು ತಿಂಗಳು ತಂಡದಲ್ಲಿ ಒಂದು ವಿಚಿತ್ರ ನಡೆಯಿತು. ಬಾಲು ಡಿ ತನಕ ಚೆನ್ನಾಗಿ ಬರುವುದು, ಅಲ್ಲಿ ಹಾಳಾಗುವುದು. ಮನೆಯ ಮೈದಾನದಲ್ಲಿ ರೇಣುಕಾ ಕೊಟ್ಟ ಬಾಲು ಗೆರೆಯ ಹೊರಗೇ ಐಶುವಿಗೆ ಸಿಗುವುದು, ಅವಳು ಇನ್ನೊಂದು ಹೆಜ್ಜೆ ಒಳಗೆ ಒಯ್ದು ಹೊಡೆಯಬೇಕು. ಬೇರೆ ಊರಿಗೆ ಹೋದಾಗ ಐಶು ಮತ್ತೂ ಒಳಗೆ ಓಡಿಹೋಗಿರುವಳು, ಬಾಲು ಅವಳ ಬೆನ್ನ ಹಿಂದೆ ಬರುವುದು. ನವೀನ್ ಮೊಬೈಲಿನಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದ. "ನೋಡ್ರಿ ರೇಣುಕಾ ಅವ್ರೇ, ಪ್ರತಿ ಸಲ ನಿಮ್ಮ ಬಾಲ್ ಒಂದು ಹೆಜ್ಜೆ ಹಿಂದೆ ಬೀಳ್ತಿದೆ."

"ನೋಡ್ತೀನಿ ಸರ್, ತಿದ್ಕೊಂತೀನಿ" ಎನ್ನುತ್ತಿದ್ದಳು. ಒಂದು ದಿನವೂ ಎದುರು ಆಡಲಿಲ್ಲ. ಹುಡುಗಿಯರ ಮೇಲೆ ತಪ್ಪು ಹೊರಿಸಲಿಲ್ಲ.

ಶನಿವಾರ ಹರಿಹರದಲ್ಲಿ ಪಂದ್ಯ. ನೀರು, ಐಸು, ಹೆಚ್ಚಿನ ಸ್ಟಿಕ್ಕು ಹೊತ್ತು ನಾನೂ ಹೋಗಿದ್ದೆ. ಅವಳ ಊರಿನ ಎದುರೇ ಅವಳ ಆಟ. ಜನ ಸುಮ್ಮನಿರುತ್ತಾರೆಯೇ? ಅವಳ ಎರಡು ಬಾಲು ತಪ್ಪಿದ ಮೇಲೆ ಒಬ್ಬ ಕಾಂಪೌಂಡಿನ ಮೇಲೆ ಕೂತು, "ಏ ರೇಣುಕಾ, ಸಾಕ್ ಬಿಡವ್ವ, ಮನಿಗೆ ಹೋಗಿ ರೊಟ್ಟಿ ತಟ್ಟು!" ಎಂದು ಕೂಗಿದ.

"ತಟ್ಟಿಟ್ಟೇ ಬಂದೀನಿ, ಹೋಗಿ ತಿನ್ನು!" ಎಂದು ಓಡುತ್ತಲೇ ಹೇಳಿದಳು. ಅವನ ಗೆಳೆಯರೇ ಅವನನ್ನು ಕೆಳಗೆ ಎಳೆದು ಗುದ್ದಿದರು.

ಎರಡು ಗೋಲಿನಿಂದ ಸೋತೆವು. ಮರಳುವ ಮೊದಲು ನವೀನ್ ಅವಳನ್ನು ಪಕ್ಕಕ್ಕೆ ಕರೆದ. ನಾನು ಸ್ಟಿಕ್ಕು ಕಟ್ಟುತ್ತಿದ್ದೆ, ಕೇಳಿಸಿತು. "ನಿಮ್ಮ ಬಗ್ಗೆ ಗೌರವ ಇದೆ. ಆದ್ರೆ ಇದು ಹೊಸ ತಂಡ. ಸೋಮವಾರ ಪಟ್ಟಿ ಹಾಕ್ತೀನಿ. ನಿಮ್ಮ ಹೆಸರು ಇರಲ್ಲ." ಅವಳು ತಲೆ ಅಲ್ಲಾಡಿಸಿ, "ಆತು ಸರ್. ಆ ಐಶುಗೆ ಮಾತ್ರ ಬೈಯಬ್ಯಾಡ್ರಿ, ಬೈದ್ರೆ ಅವ್ಳ ಕಾಲು ನಿಲ್ತಾವು" ಎಂದು ಹೇಳಿ ಮನೆಯ ದಾರಿ ಹಿಡಿದಳು. ಹತ್ತೊಂಬತ್ತು ವರ್ಷ ಆಡಿದವಳು, ತಿರುಗಿಯೂ ನೋಡಲಿಲ್ಲ.

ಭಾನುವಾರ ನಮ್ಮ ಬೋರಿನ ಮೋಟಾರು ಕೆಟ್ಟಿತ್ತು. ಬಕೀಟಿಗೂ ನೀರಿರಲಿಲ್ಲ. ಗಾಳಿ ಇರಲಿಲ್ಲವಾದ್ದರಿಂದ ಒಣ ಹಗ್ಗದಲ್ಲೇ ಗೆರೆ ಎಳೆಯೋಣ ಎಂದು ಹಿಡಿದೆ. ಹಳೆಯ ಗೆರೆ ಮಾಸಿದ್ದರೂ ಕಾಣುತ್ತಿತ್ತು. ಗಂಟು ಅದರ ಮೇಲೆ ಬರಲಿಲ್ಲ. ಗೆರೆ ದಾಟಿ ಆಚೆಗೆ ಹೋಗಿತ್ತು. ಯಾರೋ ಗಂಟು ಬಿಚ್ಚಿ ಕಟ್ಟಿದ್ದಾರೆ ಎಂದುಕೊಂಡೆ. ಟೇಪು ಹಿಡಿದೆ, ಹದಿನಾರು ಗಜ ಸರಿಯಾಗಿದೆ. ಮತ್ತೆ ಹಳೆಯ ಗೆರೆ ನೋಡಿದೆ, ಎರಡಡಿಗೆ ನಾಲ್ಕು ಬೆರಳು ಕಮ್ಮಿ ಅಷ್ಟು ಒಳಗಿದೆ. ಪಕ್ಕದ ಮನೆಯಿಂದ ಒಂದು ಕೊಡ ನೀರು ಬೇಡಿ ತಂದು ಹಗ್ಗ ಅದ್ದಿ ಎಳೆದೆ. ಗಂಟು ಹಿಂದೆ ಬಂದು ಹಳೆಯ ಗೆರೆಯ ಮೇಲೆ ಕೂತಿತು.

ಹತ್ತಿ ಹಗ್ಗ ನೀರು ಕುಡಿದರೆ ಕುಗ್ಗುತ್ತದೆ, ಒಣಗಿದರೆ ಮತ್ತೆ ಸಡಿಲಾಗಿ ಉದ್ದವಾಗುತ್ತದೆ. ಮಳೆಗೆ ನೆನೆದ ಬಟ್ಟೆ ಒಣಹಾಕುವ ಹಗ್ಗ ಬಿಗಿದು ಮೊಳೆ ಕಿತ್ತದ್ದನ್ನು ನಾನು ಮನೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಮನೆಯಲ್ಲಿ ಕಂಡದ್ದು ಮೈದಾನದಲ್ಲಿ ನೆನಪಾಗಲಿಲ್ಲ.

ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಹುಡುಗಿಯರು ಮೂರು ತಿಂಗಳು ಓಡಿದ್ದು ನನ್ನ ಸುಳ್ಳು ಗೆರೆಗೆ. ರೇಣುಕಾ ಬಾಲು ಕೊಡುತ್ತಿದ್ದದ್ದು ನಿಜವಾದ ಗೆರೆಗೆ. ಅವಳು ನೆಲ ನೋಡಿ ಕೊಡುವವಳಲ್ಲ, ಅಷ್ಟು ವರ್ಷದ ಅಳತೆ ಅವಳ ಕೈಯೊಳಗೆ ಇತ್ತು. ಅವಳ ಕೈ ಸರಿ ಇತ್ತು, ಗೆರೆ ತಪ್ಪಿತ್ತು. ಗೆರೆಯ ತಪ್ಪಿಗೆ ಅವಳನ್ನು ತಂಡದಿಂದ ಕಳಿಸುತ್ತಿದ್ದರು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಸುಮ್ಮನೆ ಸರಿಯಾದ ಗೆರೆ ಎಳೆದು ಮನೆಗೆ ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿವೃತ್ತಿಗೆ ಮೂರು ವರ್ಷ ಇತ್ತು. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದಷ್ಟು ಹೊತ್ತು ಕೂತಿತ್ತು ಕೂಡ. ಆಮೇಲೆ ಎದ್ದು ಸೀರೆಯ ಮಣ್ಣು ಕೊಡವಿ ಹರಿಹರದ ಬಸ್ಸು ಹತ್ತಿದೆ.

ರೇಣುಕಾ ತನ್ನ ಐದನೇ ನಂಬರಿನ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ, ಕ್ಲಬ್ಬಿಗೆ ಮರಳಿಸಲು ಮಡಚಿಡುತ್ತಿದ್ದಳು.

"ಏನ್ ಹಾಲಕ್ಕ, ಈ ಬಿಸಿಲಾಗೆ? ಕೂಡ್ರು, ಮಜ್ಜಿಗಿ ಕೊಡ್ತೀನಿ."

"ಮಜ್ಜಿಗಿ ಆಮೇಲೆ. ಮೊದ್ಲು ನಂಗೆ ನಾಲ್ಕು ಬೈ." ಎಂದು ಎಲ್ಲ ಹೇಳಿದೆ. ಹಗ್ಗ, ಬಕೀಟು, ಗೆರೆ.

ಅವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟಳು. "ಎಷ್ಟು ಕಮ್ಮಿ?"

"ಎರಡಡಿಗೆ ನಾಲ್ಕು ಬೆರಳು ಕಮ್ಮಿ."

ಮಡಚಿದ ಅಂಗಿಯನ್ನು ಬಿಡಿಸಿದಳು, ಮತ್ತೆ ಮಡಚಿದಳು. ಆಮೇಲೆ, "ಹಾಲಕ್ಕ, ಹೋದ ತಿಂಗಳು ನಾನು ಪಿ.ಜೆ. ಬಡಾವಣೆಗೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಮನ್ಯಾಗೂ ಹೇಳಿಲ್ಲ. ಕಣ್ಣು ಚಲೋ ಐತಮ್ಮ, ಏನೂ ಆಗಿಲ್ಲ ಅಂದ್ರು. ಕಣ್ಣು ಚಲೋ ಐತಿ ಅಂದ್ರೆ ಇನ್ನೇನು, ಕೈಯೇ ಹೋತು, ವಯಸ್ಸಾತು ಅನ್ಕೊಂಡೆ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಕೈ ಹೋಗಿಲ್ಲ ಅಲ್ಲಾ?"

"ಹೋಗಿಲ್ಲ ಕಣವ್ವ. ಹೋಗಿದ್ದು ನನ್ನ ಬುದ್ಧಿ."

ಅವಳು ನಕ್ಕಳು. ನಕ್ಕ ಮೇಲೆ ಹೇಳಿದ ಮಾತು ಕೇಳಿ: "ಹಂಗಾದ್ರೆ ಸುಮ್ನಿರು. ಸರಿ ಗೆರೆ ಎಳಿ, ಹುಡುಗ್ಯಾರು ತಾವೇ ಸರಿ ಹೋಗ್ತಾರ. ಸೆಕ್ರೆಟರಿಗೆ ಗೊತ್ತಾದ್ರೆ ನಿನ್ನ ತೆಗೆದು ಹಾಕ್ತಾನ. ನಾನು ಹೆಂಗೂ ಬಿಡೋಳೇ, ಮೊಣಕಾಲು ಬ್ಯಾರೆ ಐತೆ."

"ಬಿಡೋ ದಿನ ನೀನು ಬಿಡು. ನನ್ನ ಹಗ್ಗ ಬಿಡಿಸೋದು ಬ್ಯಾಡ" ಎಂದೆ. "ನಾಳೆ ಆರಕ್ಕೆ ಬರ್ಬೇಕು, ನಿನ್ನ ಹಳೇ ಕಟ್ಟಿಗಿ ಸ್ಟಿಕ್ಕು ತಗಂಡು ಬಾ. ಬರ್ದಿದ್ರೆ ನಾನೇ ಬಂದು ಎಳ್ಕಂಡು ಹೋಗ್ತೀನಿ." ಈ ಬೆದರಿಕೆ ಅವಳಿಂದಲೇ ಕಲಿತದ್ದು.

ಸೋಮವಾರ ಸೆಕ್ರೆಟರಿಗೂ ಫೋನ್ ಮಾಡಿ ಕರೆಸಿದ್ದೆ. ನವೀನ್ ಪಟ್ಟಿ ಹಿಡಿದು ನಿಂತಿದ್ದ. ಹುಡುಗಿಯರು ಸಾಲಾಗಿದ್ದರು. ನಾನು ಹಳೆಯ ಗೆರೆಯ ಮೇಲೆ ನಿಂತು ಗಂಟಲು ಸರಿ ಮಾಡಿಕೊಂಡೆ.

"ಸರ್, ಪಟ್ಟಿ ಆಮೇಲೆ ಹಾಕ್ರಿ. ಈ ಗೆರೆ ತಪ್ಪೈತೆ. ಎಳೆದೋಳು ನಾನು."

ನವೀನ್‌ಗೆ ಮೊದಲು ಅರ್ಥವಾಗಲಿಲ್ಲ. "ಹಾಲಮ್ಮ, ಗೆರೆ ತಪ್ಪಿದ್ರೆ ಇಷ್ಟು ದಿನ ಯಾರಿಗೂ ಗೊತ್ತಾಗ್ತಿರಲಿಲ್ವಾ?"

"ಗೆರೆ ಯಾರು ಅಳೀತಾರ ಸರ್? ಗೆರೆ ಇಟ್ಕಂಡು ಆಟ ಅಳೀತಾರ."

ರೇಣುಕಾಳ ಹಳೆಯ ಸ್ಟಿಕ್ಕು ಸರಿಯಾಗಿ ಒಂದು ಗಜ ಉದ್ದ. ಅದನ್ನು ಐಶುವಿನ ಕೈಗೆ ಕೊಟ್ಟು, ಗೂಟದಿಂದ ಮಗುಚಿ ಮಗುಚಿ ಎಣಿಸುತ್ತ ಬಾ ಎಂದೆ. ಹುಡುಗಿಯರೆಲ್ಲ ಸೇರಿ ಎಣಿಸಿದರು. ಹದಿಮೂರು, ಹದಿನಾಲ್ಕು, ಹದಿನೈದು. ಅಲ್ಲೇ ಗೆರೆ ಎದುರಿಗೆ ಬಂದುಬಿಟ್ಟಿತು. ಹದಿನಾರನೇ ಸಲ ಮಗುಚಿದಾಗ ಸ್ಟಿಕ್ಕು ಗೆರೆಯ ಮೇಲೆ ಅಡ್ಡ ಬಿದ್ದು ಅರ್ಧಕ್ಕಿಂತ ಹೆಚ್ಚು ಆಚೆ ಚಾಚಿಕೊಂಡಿತು. ನವೀನ್ ತಾನೇ ಒಮ್ಮೆ ಎಣಿಸಿದ. ಮೊಬೈಲ್ ತೆಗೆದು ಹರಿಹರದ ಆಟ ಹಾಕಿ ನೋಡಿದ, ಇನ್ನೊಮ್ಮೆ ನೋಡಿದ. ಅವನ ಕಿವಿ ಕೆಂಪಗಾದವು.

ಸೆಕ್ರೆಟರಿ ಗರ್ಜಿಸಿದರು. "ಮೂರು ತಿಂಗಳು ಏನ್ ಮಾಡ್ತಿದ್ದಿ ಹಾಲಮ್ಮ? ಯಾವ ಹಗ್ಗ ಅದು?"

"ನಿಮ್ಮ ಬೆಣ್ಣಿಯಂಥ ಹಗ್ಗ ಸರ್."

ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ಶಿವಕುಮಾರಪ್ಪನವರು ಹಗ್ಗ ನೋಡಿದರು, ಬಕೀಟು ನೋಡಿದರು. ಆಮೇಲೆ, "ಹಗ್ಗ ನಂದು, ನೀರು ನಿಂದು" ಎಂದು ಗೊಣಗಿದರು. ಕೆಲಸ ತೆಗೆಯುವ ಮಾತು ಬರಲಿಲ್ಲ.

ರೇಣುಕಾ ಅಷ್ಟು ಹೊತ್ತೂ ಬದಿಯಲ್ಲಿ ನಿಂತಿದ್ದಳು. ನವೀನ್ ಅವಳ ಮುಂದೆ ಹೋಗಿ, "ನಂದು ತಪ್ಪಾಯ್ತು ರೇಣುಕಾ ಅವ್ರೇ" ಎಂದ. ಅವಳು, "ತಪ್ಪಾದೋರು ಏನ್ ಮಾಡ್ಬೇಕು ಅಂತ ಹುಡುಗ್ಯಾರನ್ನ ಕೇಳ್ರಿ ಸರ್" ಎಂದಳು. ಹುಡುಗಿಯರು ಒಂದೇ ದನಿಯಲ್ಲಿ, "ರೋಲರ್!" ಎಂದರು.

ಅವತ್ತು ರೋಲರ್ ಎಳೆದವರು ಮೂವರು. ಕೋಚು, ಪಂಚೆ ಮೇಲೆ ಕಟ್ಟಿದ ಸೆಕ್ರೆಟರಿ, ನಡುವೆ ನಾನು. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಿಂದ ನಾನು ರೋಲರ್ ಎಳೆದಿಲ್ಲ.

ತಂಡ ಮರುದಿನವೇ ಗೆದ್ದುಬಿಟ್ಟಿತು ಎಂದು ಬರೆಯಲಾರೆ. ಕಾಲಿಗೆ ಹತ್ತಿದ ರೂಢಿ ಹೋಗಲು ಹೊತ್ತು ಬೇಕು. ಒಂದು ತಿಂಗಳು ರೇಣುಕಾ ಐಶುವನ್ನು ಕಣ್ಣು ಮುಚ್ಚಿಸಿ ಗೆರೆಯವರೆಗೆ ಓಡಿಸಿದಳು. ಗೆರೆ ಮುಟ್ಟಿದ್ದು ಕಾಲಿಗೇ ಗೊತ್ತಾಗಬೇಕು ಎನ್ನುವಳು. ಆಮೇಲೆ ಮತ್ತೆ ಹರಿಹರಕ್ಕೆ ಹೋದೆವು. ಒಂದು ಒಂದರ ಸಮ ಆಟ, ಕೊನೆಯ ಹೊತ್ತು. ಬಲ ಬದಿಯಿಂದ ಐಶು ಓಡುತ್ತ, "ರೇಣೂ!" ಎಂದು ಕೂಗಿದಳು. ತುಂಗಭದ್ರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಬಾಲು ಗೆರೆಗೆ ಸರಿಯಾಗಿ ಬಂತು, ಐಶುವೂ ಸರಿಯಾಗಿ ಬಂದಳು. ತಡೆಯದೆ, ನೋಡದೆ ಹೊಡೆದಳು. ಗೋಲಿನೊಳಗಿನ ಹಲಗೆಗೆ ಬಾಲು ಬಡಿದ ಸದ್ದಿಗೆ ನಾನು ಐಸಿನ ಡಬ್ಬಿ ಕೈಬಿಟ್ಟೆ. ಕಾಂಪೌಂಡಿನ ಮೇಲಿದ್ದ ಅದೇ ಮನುಷ್ಯ ಎದ್ದು ನಿಂತು, "ನಮ್ಮೂರ ಹುಡುಗಿ ಕೊಟ್ಟಿದ್ದು!" ಎಂದು ಎಲ್ಲರಿಗೂ ಹೇಳುತ್ತಿದ್ದ.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ತಂಡದಲ್ಲಿ ಹಳಬರೊಬ್ಬರು ತಪ್ಪುತ್ತಿದ್ದಾರೆ ಎಂದು ಕಂಡರೆ, ಮೊದಲು ನಮ್ಮ ಕೆಲಸವನ್ನು ಅಳೆದು ನೋಡಿಕೊಳ್ಳಬೇಕು. ನಾವು ಹಾಕಿದ ಗೆರೆಯ ಮೇಲೆ ಇನ್ನೊಬ್ಬರ ಬದುಕು ಓಡುತ್ತಿರುತ್ತದೆ. ತಪ್ಪು ಸಿಕ್ಕ ದಿನವೇ ಎಲ್ಲರ ಎದುರು ಹೇಳಿಬಿಡಿ. ನಾಚಿಕೆ ಒಂದು ಬೆಳಿಗ್ಗೆಯದು.

ರೇಣುಕಾ ಆಮೇಲೆ ಎರಡು ವರ್ಷ ಆಡಿದಳು. ಅವಳ ಜಾಗಕ್ಕೆ ಇಬ್ಬರು ಹುಡುಗಿಯರನ್ನು ತಾನೇ ತಿದ್ದಿ ನಿಲ್ಲಿಸಿದಳು. ಒಂದು ದಿನ ಸಂಜೆ ಅಭ್ಯಾಸ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ನವೀನನ ಹತ್ತಿರ ಬಂದಳು. ನಾನು ಅಲ್ಲೇ ಗೋಲಿನ ಬಲೆ ಬಿಚ್ಚುತ್ತಿದ್ದೆ.

"ಸರ್, ಇವತ್ತು ನನ್ನ ಬಾಲ್ ಮೂರು ಸಲ ಹಿಂದೆ ಬಿತ್ತು. ನೀವು ನೋಡಿದ್ರಿ, ಹೇಳ್ಲಿಲ್ಲ."

ನವೀನ್ ಗಾಬರಿಯಾಗಿ, "ಗೆರೆ ನೋಡೋಣ ತಡೀರಿ, ಹಾಲಮ್ಮ, ಟೇಪ್ ತರ್ರಿ" ಎಂದ.

"ಬ್ಯಾಡ್ರಿ ಸರ್" ಎಂದು ಅವಳು ನಕ್ಕಳು. ಆ ನಗುವಿನಲ್ಲಿ ಅಳುಕು ಇರಲಿಲ್ಲ. "ಈ ಸಲ ಹಗ್ಗದ್ದಲ್ಲ, ನಂದೇ. ಇನ್ನ ಸಾಕು." ಐದನೇ ನಂಬರಿನ ಅಂಗಿಯನ್ನು ಚೀಲದಿಂದ ತೆಗೆದು, ತಾನು ತಿದ್ದಿದ ಹುಡುಗಿಯೊಬ್ಬಳ ಹೆಗಲಿಗೆ ಹಾಕಿ, ಸಂಜೆಯ ಗಾಡಿಗೆ ಹೊತ್ತಾಯಿತೆಂದು ಹೊರಟಳು.

ಎಲ್ಲರೂ ಹೋದ ಮೇಲೆ ನಾನು ಟೇಪು ತಂದು ಗೂಟದಿಂದ ಅಳೆದೆ. ಎರಡು ಸಲ ಅಳೆದೆ. ಗೆರೆ ಸರಿಯಾಗಿಯೇ ಇತ್ತು.